ಟಿಪ್ ಗುಂಪಿನ “+28 ಯೂನಿಟ್” ಲಾಭ: ಯೂನಿಟ್ ಅಂದ್ರೆ ಎಷ್ಟು, ಲಾಭ ಅಳೆಯೋದು ಹೇಗೆ?

ಕೋಡಿಬಾಗ (ಕಾರವಾರ)

ಇಲ್ಲಿನ ಕಾಲೇಜು ಹುಡುಗರ ಮೊಬೈಲಿನಲ್ಲಿ ಪಂದ್ಯದ ಬಾಜಿಗೆ ಟಿಪ್ (ಯಾವ ತಂಡದ ಮೇಲೆ ದುಡ್ಡು ಕಟ್ಟಬೇಕು ಅನ್ನೋ ಸಲಹೆ) ಕೊಡೋ ಒಂದು ಟೆಲಿಗ್ರಾಂ ಗುಂಪಿನ ಪೋಸ್ಟ್ ತಿರುಗ್ತಾ ಇದೆ. “ಈ ಸೀಸನ್ 50 ಟಿಪ್, 39 ಪಾಸ್, 11 ಫೇಲ್. ಸ್ಟ್ರೈಕ್ 78%. ಲಾಭ +28 ಯೂನಿಟ್.” ಅದರ ಕೆಳಗೆ ಸದಸ್ಯರಾಗೋಕೆ ಎಷ್ಟು ಕೊಡಬೇಕು ಅಂತ. ಸ್ಟ್ರೈಕ್ ಅಂದ್ರೆ ನೂರಕ್ಕೆ ಎಷ್ಟು ಗೆದ್ದಿದೆ ಅನ್ನೋದು. ರೂಪಾಯಿ ಲೆಕ್ಕ ಎಲ್ಲೂ ಇಲ್ಲ. ಎಲ್ಲಾ ಟಿಪ್‌ಗಳೂ ಫೇವರಿಟ್ (ಗೆಲ್ಲೋ ಸಾಧ್ಯತೆ ಹೆಚ್ಚು ಅಂತ ಎಣಿಸೋ) ತಂಡದ ಮೇಲೇ ಇವೆ, ದರ ಹೆಚ್ಚುಕಡಿಮೆ ಒಂದಕ್ಕೆ 25 ಪೈಸೆ.

ಹುಡುಗರಿಗೆ “ಹೋಗಬೇಡ್ರೋ” ಅಂದ್ರೆ ಕೇಳೋದಿಲ್ಲ. ಲೆಕ್ಕ ಹಾಕಿ ತೋರಿಸಿದ್ರೆ ಕೇಳ್ತಾರೆ. ಯೂನಿಟ್ ಅಂದ್ರೆ ಎಷ್ಟು ದುಡ್ಡು? 28 ಯೂನಿಟ್ ಒಳ್ಳೆ ಲಾಭವೋ, ಅಲ್ಲವೋ? ಬಲ್ಲವರು ವಿವರವಾಗಿ ಬರೀರಿ.

ನಿರ್ವಾಹಕರು

ಚರ್ಚೆ ಲೆಕ್ಕದ್ದು, ಹಾಗಾಗಿ ತೆರೆದಿಡುತ್ತೇವೆ. ಆ್ಯಪ್ ಹೆಸರು, ಗುಂಪಿನ ಲಿಂಕ್, ಟಿಪ್ ಹಾಕಿದರೆ ಅಳಿಸುತ್ತೇವೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವುದನ್ನೂ ಅದರ ಜಾಹೀರಾತನ್ನೂ ನಿಷೇಧಿಸುತ್ತದೆ. ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತಿಗೆ 2 ವರ್ಷ, 50 ಲಕ್ಷದವರೆಗೆ. ಕೌಶಲವೋ ಅದೃಷ್ಟವೋ ಎಂಬ ಹಳೆಯ ವಾದ ಅಲ್ಲಿ ನಡೆಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಓ.ಸಿ. ಮಟ್ಕಾ (ಅಂಕಿಯ ಮೇಲೆ ಹಣ ಕಟ್ಟುವ ಜೂಜು) ಕೇಸುಗಳು ಬೀಳುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 78ರ ಕೆಳಗೆ. ಕಾನೂನಿನೊಳಗೆ ಉಳಿದಿರುವುದು ಟರ್ಫ್ ಕ್ಲಬ್ಬಿನ ಆವರಣದೊಳಗಿನ ಕುದುರೆ ರೇಸ್; ಅದು ಕೌಶಲದ ಆಟವೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಶಾಲ್ಮಲೆ ತೀರ (ಶಿರಸಿ)

ಕೋಡಿಬಾಗದವರೇ, ಯೂನಿಟ್ ಅಂದರೆ ಇಷ್ಟೇ ರೂಪಾಯಿ ಅಂತ ಎಲ್ಲೂ ಇಲ್ಲ. ಆಟಕ್ಕೆಂದೇ ತೆಗೆದಿಟ್ಟ ಹಣದಲ್ಲಿ, ಅಂದರೆ ಬಂಡವಾಳದಲ್ಲಿ, ಒಂದು ನಿಗದಿತ ಪಾಲು ಅದು. ರೂಢಿಯಲ್ಲಿ 1%, ಕೆಲವರು 2%. ಬಂಡವಾಳ 50,000 ಇದ್ದವನಿಗೆ 1% ಅಂದರೆ ಯೂನಿಟ್ 500. 5,000 ಇದ್ದವನಿಗೆ 50. ಇಬ್ಬರ ಹಣ ಬೇರೆ ಇದ್ದರೂ ಆಯ್ಕೆ ಎಷ್ಟು ಸರಿ ಇತ್ತೆಂದು ಹೋಲಿಸಲು ಬರಲಿ ಅಂತ ಹುಟ್ಟಿದ ಅಳತೆ. ಅದರ ಉಪಯೋಗ ಅಲ್ಲಿಗೆ ಮುಗಿಯಿತು.

“28 ಯೂನಿಟ್ ಲಾಭ” ಎಂದಷ್ಟೇ ಹೇಳುವುದು, ಅಡಿಕೆ ಮಾರಿ ಇಷ್ಟು ಬಂತು ಎಂದು ಹೇಳಿ ಎಷ್ಟು ಕ್ವಿಂಟಲ್ ಮಾರಿದೆ ಎಂದು ಹೇಳದೇ ಇದ್ದ ಹಾಗೆ. ಕೇಳಬೇಕಾದ್ದು: ಒಟ್ಟು ಎಷ್ಟು ಯೂನಿಟ್ ಕಟ್ಟಿ ಈ 28 ಬಂತು? ಎಷ್ಟು ಬಾಜಿಯಲ್ಲಿ? ಯಾವ ದರದಲ್ಲಿ?

ನೀವು ದರ ಕೊಟ್ಟಿದ್ದು ಒಳ್ಳೆಯದಾಯಿತು. ಒಂದಕ್ಕೆ 25 ಪೈಸೆ ಅಂದರೆ ದಶಮಾಂಶ ದರ 1.25: 100 ಕಟ್ಟಿ ಗೆದ್ದರೆ ನಮ್ಮ 100 ಸೇರಿ 125 ವಾಪಸ್, ಲಾಭ 25. ಈಗ ಎಲ್ಲದಕ್ಕೂ ಸಮಾನವಾಗಿ 1 ಯೂನಿಟ್ ಕಟ್ಟಿದೆವು ಎಂದಿಟ್ಟುಕೊಳ್ಳಿ.

39 ಗೆಲುವು × 0.25 = +9.75
11 ಸೋಲು × 1 = −11
ನಿವ್ವಳ = −1.25 ಯೂನಿಟ್

ಲಾಭವೇ ಇಲ್ಲ, ನಷ್ಟ. 1.25 ದರದಲ್ಲಿ ಅಸಲು ಉಳಿಸಿಕೊಳ್ಳಲು 1 ÷ 1.25 = 80% ಗೆಲ್ಲಬೇಕು. 78% ಕಣ್ಣಿಗೆ ದೊಡ್ಡದಾಗಿ ಕಂಡರೂ ಅಗತ್ಯಕ್ಕಿಂತ ಎರಡು ಅಂಶ ಕಡಿಮೆ. ದರ ಹೇಳದ ಸ್ಟ್ರೈಕ್ ರೇಟ್‌ಗೆ ಬೆಲೆ ಇಲ್ಲ.

ಕೋಡಿಬಾಗ (ಕಾರವಾರ)

ಹಾಗಾದ್ರೆ ಅವರ +28 ಎಲ್ಲಿಂದ ಬಂತು ಮಾರಾಯ್ರೆ? 39ರಲ್ಲಿ 11 ಕಳೆದ್ರೆ 28 ಬರ್ತದೆ. ಗೆದ್ದಿದ್ದಕ್ಕೆಲ್ಲಾ +1, ಸೋತಿದ್ದಕ್ಕೆಲ್ಲಾ −1 ಹಾಕಿಬಿಟ್ಟಿದಾರಾ?

ಶಾಲ್ಮಲೆ ತೀರ (ಶಿರಸಿ)

ಅದೇ. ಈ ತಪ್ಪು ತೀರಾ ಸಾಮಾನ್ಯ, ಬೇಕೆಂದೇ ಮಾಡುವವರೂ ಇದ್ದಾರೆ. ಅದರ ಬೇರು ಎಲ್ಲಿದೆ ನೋಡಿ.

ಪಣ, ಅಂದರೆ ಬಾಜಿಗೆ ಕಟ್ಟುವ ಮೊತ್ತ, ಅಳೆಯುವ ಎರಡು ಪದ್ಧತಿ ಇವೆ. ಒಂದರಲ್ಲಿ ಪ್ರತಿ ಬಾಜಿಗೂ 1 ಯೂನಿಟ್ ಕಟ್ಟುತ್ತಾರೆ, ಗೆಲುವಿನ ಮೊತ್ತ ದರಕ್ಕೆ ತಕ್ಕಂತೆ ಬದಲಾಗುತ್ತದೆ. ಇನ್ನೊಂದರಲ್ಲಿ 1 ಯೂನಿಟ್ ಗೆಲ್ಲಲು ಬೇಕಾದಷ್ಟು ಕಟ್ಟುತ್ತಾರೆ. ಅಮೆರಿಕದ ಕಡೆ ಫೇವರಿಟ್ ಮೇಲೆ ಹೀಗೆ ಲೆಕ್ಕ ಇಡುವುದು ರೂಢಿ. 1.25 ದರದಲ್ಲಿ 1 ಯೂನಿಟ್ ಗೆಲ್ಲಬೇಕಾದರೆ 1 ÷ 0.25 = 4 ಯೂನಿಟ್ ಕಟ್ಟಬೇಕು. ಆಗ ಗೆದ್ದರೆ +1 ನಿಜ, ಆದರೆ ಸೋತರೆ −4. ಹಾಗೆ ಲೆಕ್ಕ ಹಾಕಿದರೆ:

39 × 1 = +39
11 × 4 = −44
ನಿವ್ವಳ = −5 ಯೂನಿಟ್, ಒಟ್ಟು ಕಟ್ಟಿದ್ದು 200 ಯೂನಿಟ್

ಗುಂಪಿನವರು ಗೆಲುವನ್ನು ಎರಡನೇ ಪದ್ಧತಿಯಿಂದ ತೆಗೆದುಕೊಂಡರು, ಸೋಲನ್ನು ಮೊದಲನೆಯದರಿಂದ. ಎರಡೂ ಕಡೆಯ ಅನುಕೂಲವನ್ನು ಬಾಚಿದರೆ −5 ಇದ್ದದ್ದು +28 ಆಗುತ್ತದೆ.

ಇಲ್ಲೇ ಇನ್ನೊಂದು ಗಮನಿಸಿ. ಮೊದಲ ಪದ್ಧತಿಯಲ್ಲಿ −1.25, ಎರಡನೆಯದರಲ್ಲಿ −5. ಯೂನಿಟ್ ಲೆಕ್ಕ ನಾಲ್ಕು ಪಟ್ಟು ಬೇರೆ. ಆದರೆ ಕಟ್ಟಿದ ಮೊತ್ತದಿಂದ ಭಾಗಿಸಿ: −1.25 ÷ 50 = −2.5%, −5 ÷ 200 = −2.5%. ಒಂದೇ ಉತ್ತರ. ಇದಕ್ಕೆ ಯೀಲ್ಡ್ ಎನ್ನುತ್ತಾರೆ: ನಿವ್ವಳ ಲಾಭ ÷ ಒಟ್ಟು ಕಟ್ಟಿದ ಹಣ × 100. ಈ ಉದಾಹರಣೆಯಲ್ಲಿ ಯೂನಿಟ್ ಗಾತ್ರ ಬದಲಿಸಿ ಅಲುಗಿಸಲಾಗದ ಅಳತೆ ಇದೊಂದೇ, ಹಾಗಾಗಿ ನಾನು ಮೊದಲು ಕೇಳುವುದು ಇದನ್ನೇ.

ಬಂದರು (ಹೊನ್ನಾವರ)

ಶಾಲ್ಮಲೆಯವರ ಮಾತಿಗೆ ಸೇರಿಸುತ್ತೇನೆ. ಆರ್‌ಒಐ (ಹೂಡಿದ ಹಣದ ಮೇಲಿನ ಗಳಿಕೆ) ಅಂತ ಇನ್ನೊಂದು ಪದ ಓಡಾಡುತ್ತದೆ. ಕೆಲವರು ಅದನ್ನು ಯೀಲ್ಡ್ ಅರ್ಥದಲ್ಲೇ ಬಳಸುತ್ತಾರೆ, ಕೆಲವರು ಬಂಡವಾಳದ ಮೇಲಿನ ಬೆಳವಣಿಗೆ ಎಂದು. ಯಾವುದೆಂದು ಕೇಳದೇ ನಂಬಬೇಡಿ. ಬಂಡವಾಳ 50,000, ಯೂನಿಟ್ 500, 400 ಬಾಜಿ, ನಿವ್ವಳ 6,000 ಬಂತು ಎನ್ನಿ. ಒಟ್ಟು ಕಟ್ಟಿದ್ದು 2,00,000. ಯೀಲ್ಡ್ 3%. ಬಂಡವಾಳದ ಮೇಲೆ 12%. ಯೂನಿಟ್‌ನಲ್ಲಿ +12. ಮೂರೂ ನಿಜ, ಆದರೆ ಜಾಹೀರಾತಿನಲ್ಲಿ ಕಾಣುವುದು 12% ಮಾತ್ರ.

ಯೂನಿಟ್ ಲೆಕ್ಕ ಕೆಡುವುದಕ್ಕೆ ಇನ್ನೊಂದು ದಾರಿ, ಮಧ್ಯದಲ್ಲಿ ಯೂನಿಟ್ ಬದಲಿಸುವುದು. ಬಂಡವಾಳ 50,000 ಇದ್ದಾಗ ಯೂನಿಟ್ 500. 9 ಯೂನಿಟ್ ಸೋತರೆ −4,500. ಹೆದರಿ ಯೂನಿಟ್ 400ಕ್ಕೆ ಇಳಿಸಿ ಆಮೇಲೆ 10 ಯೂನಿಟ್ ಗೆದ್ದರೆ +4,000. ಯೂನಿಟ್ ಪುಸ್ತಕ +1 ಎನ್ನುತ್ತದೆ, ಜೇಬು −500 ಎನ್ನುತ್ತದೆ. ಆದ್ದರಿಂದ ರೂಪಾಯಿಯ ಕಾಲಂ ಯಾವತ್ತೂ ಇರಲೇಬೇಕು. ಯೂನಿಟ್ ಬದಲಿಸುವುದಾದರೆ ತಿಂಗಳ ಕೊನೆಗೋ ನೂರು ಬಾಜಿಗೊಮ್ಮೆಯೋ ಎಂದು ಮೊದಲೇ ನಿಶ್ಚಯಿಸಿ. ಸೋತ ಸಂಜೆ ಬದಲಿಸುವಂತಿಲ್ಲ.

ಘಟ್ಟದ ಮೇಲೆ (ಯಲ್ಲಾಪುರ)

ಸಮಾನ ಪಣದ ಲೆಕ್ಕ ಎಲ್ಲರಿಗೂ ಹೊಂದೋದಿಲ್ಲ. ಭರವಸೆ ಹೆಚ್ಚಿರೋ ಮ್ಯಾಚಿಗೆ 5 ಯೂನಿಟ್, ಕಡಿಮೆ ಇರೋದಕ್ಕೆ 1 ಕಟ್ಟೋದು ತಪ್ಪಾ? ಎಲ್ಲಕ್ಕೂ 1 ಕಟ್ಟಿದ್ರೆ ಗೊತ್ತಿರೋದರ ಫಾಯದೆ ತಗೊಂಡ ಹಾಗೆ ಆಗೋದಿಲ್ಲ ಅಲ್ದಾ?

ಬಂದರು (ಹೊನ್ನಾವರ)

ತಪ್ಪಲ್ಲ. ಆದರೆ ಆಗ ಲಾಭ ಆಯ್ಕೆಯಿಂದ ಬಂತೋ ಪಣದ ಗಾತ್ರದಿಂದ ಬಂತೋ ಅಂತ ಬಿಡಿಸಿ ನೋಡಬೇಕು. ದರ ಎಲ್ಲಕ್ಕೂ 1.90 ಇರಲಿ. 1 ಯೂನಿಟ್‌ನ 90 ಸಣ್ಣ ಬಾಜಿಯಲ್ಲಿ ಒಟ್ಟು −6.4 ಯೂನಿಟ್. ಭರವಸೆ ಹೆಚ್ಚಿರುವ, 5 ಯೂನಿಟ್‌ನ 10 “ಸ್ಟಾರ್” ಬಾಜಿಯಲ್ಲಿ 7 ಗೆಲುವು, 3 ಸೋಲು: 7 × 4.5 − 3 × 5 = +16.5. ಒಟ್ಟು +10.1, ಕಟ್ಟಿದ್ದು 140, ಯೀಲ್ಡ್ 7.2%. ಭರ್ಜರಿ ಅನಿಸುತ್ತದೆ.

ಇದೇ ನೂರನ್ನು 1 ಯೂನಿಟ್‌ಗೆ ಇಳಿಸಿ: −6.4 + (7 × 0.9 − 3) = −6.4 + 3.3 = −3.1. ಯೀಲ್ಡ್ −3.1%. ಅಂದರೆ ಇಡೀ ಲಾಭ ನಿಂತಿರುವುದು ಹತ್ತು ಬಾಜಿಯ ಮೇಲೆ. ಹತ್ತು ಸಲ ನಾಣ್ಯ ಚಿಮ್ಮಿದರೆ 7 ಅಥವಾ ಹೆಚ್ಚು ಸಲ ನಾವು ಹೇಳಿದ ಮುಖವೇ ಬೀಳುವ ಸಾಧ್ಯತೆ 17%. ಅಷ್ಟು ಸುಲಭವಾಗಿ ಆಗುವುದನ್ನು ಜ್ಞಾನ ಎನ್ನಲಾಗದು. ಸ್ಟಾರ್ ಬಾಜಿಗಳ ಸಮಾನ-ಪಣದ ಯೀಲ್ಡ್, ಉಳಿದ ಬಾಜಿಗಳದ್ದಕ್ಕಿಂತ ಬಹುಕಾಲ ಹೆಚ್ಚಿದ್ದರೆ ಮಾತ್ರ ನೀವು ಹೇಳುವ ಭರವಸೆಗೆ ಆಧಾರ ಇದೆ.

ಘಟ್ಟದ ಮೇಲೆ (ಯಲ್ಲಾಪುರ)

ಬಹುಕಾಲ ಅಂದ್ರೆ ಎಷ್ಟು? ಒಂದು ಐಪಿಎಲ್ ಸಾಕಲ್ವಾ?

ಬಂದರು (ಹೊನ್ನಾವರ)

ಸಾಲದು, ಬಹಳ ದೂರ. ಇದೇ ಈ ವಿಷಯದ ತಿರುಳು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

1.90 ದರದಲ್ಲಿ ಒಂದು ಬಾಜಿಯ ಫಲಿತಾಂಶ +0.90 ಅಥವಾ −1. ಇದರ ಏರಿಳಿತ, ಲೆಕ್ಕಶಾಸ್ತ್ರದ ಮಾನಕ ವಿಚಲನೆ, ಸುಮಾರು 0.95 ಯೂನಿಟ್. ಬಾಜಿ ಹೆಚ್ಚಿದಂತೆ ಒಟ್ಟು ಏರಿಳಿತ ಬಾಜಿ ಸಂಖ್ಯೆಯ ವರ್ಗಮೂಲದಷ್ಟು ಬೆಳೆಯುತ್ತದೆ. 100 ಬಾಜಿಗೆ 0.95 × 10 = 9.5 ಯೂನಿಟ್. 400 ಬಾಜಿಗೆ 0.95 × 20 = 19 ಯೂನಿಟ್.

ಬುಕ್ಕಿ ಎರಡೂ ಕಡೆ 1.90 ಕೊಟ್ಟಿದ್ದಾನೆ ಎನ್ನಿ. 1 ÷ 1.90 = 52.63%, ಎರಡೂ ಸೇರಿ 105.26%. ಆ ಹೆಚ್ಚುವರಿಯೇ ಅವನ ಪಾಲು. ಕಣ್ಣುಮುಚ್ಚಿ ಆಡುವವನು ಪ್ರತಿ 100 ಯೂನಿಟ್‌ಗೆ ಸರಾಸರಿ 5 ಕಳೆದುಕೊಳ್ಳುತ್ತಾನೆ. 400 ಬಾಜಿಗೆ −20. ಮೇಲೆ ಹೇಳಿದ +12 ಯೂನಿಟ್‌ನವನು ಆ −20ಕ್ಕಿಂತ 32 ಮೇಲಿದ್ದಾನೆ. 32 ÷ 19 = 1.68, ಅಂದರೆ ಏರಿಳಿತದ 1.68 ಪಟ್ಟು. ಯಾವ ಜ್ಞಾನವೂ ಇಲ್ಲದೆ ಅಷ್ಟು ಮೇಲೆ ಬರುವ ಸಾಧ್ಯತೆ ನೂರಕ್ಕೆ ಸುಮಾರು ಐದು. ಇಪ್ಪತ್ತು ಟಿಪ್ ಗುಂಪು ಚೀಟಿ ಎತ್ತಿ ಟಿಪ್ ಕೊಟ್ಟರೂ ಒಂದು ಗುಂಪು +12 ತೋರಿಸುತ್ತದೆ. ನಮ್ಮ ಮೊಬೈಲಿಗೆ ಬರುವುದು ಅದೊಂದೇ. ಉಳಿದ ಹತ್ತೊಂಬತ್ತು ಗುಂಪು ಹೆಸರು ಬದಲಿಸಿ ಮುಂದಿನ ಸೀಸನ್‌ಗೆ ಹೊಸದಾಗಿ ಶುರು ಮಾಡಿರುತ್ತವೆ.

ಈಗ ನಿಮ್ಮ ಪ್ರಶ್ನೆ. ನಿಜಕ್ಕೂ 3% ಯೀಲ್ಡ್ ಇರುವವನು, ಅದು ಅದೃಷ್ಟವಲ್ಲ ಎಂದು ತಕ್ಕಮಟ್ಟಿಗೆ ತೋರಿಸಬೇಕಾದರೆ ಲಾಭ ಏರಿಳಿತದ ಎರಡು ಪಟ್ಟಾದರೂ ಇರಬೇಕು, ಅಂದರೆ 2 × 0.95 ÷ √ಬಾಜಿ = 0.03 ಆಗಬೇಕು. ಬಾಜಿ ಸುಮಾರು 4,000. ಐಪಿಎಲ್ ಒಂದು ಸೀಸನ್‌ಗೆ 74 ಪಂದ್ಯ, ಪಂದ್ಯಕ್ಕೊಂದು ಬಾಜಿ ಎಂದರೆ 54 ಸೀಸನ್ ಬೇಕು. ಐಪಿಎಲ್ ಶುರುವಾಗಿದ್ದೇ 2008ರಲ್ಲಿ.

ದರ ದೊಡ್ಡದಾದಷ್ಟೂ ಇದು ಇನ್ನೂ ಹದಗೆಡುತ್ತದೆ. 5.00 ದರದಲ್ಲಿ ಒಂದು ಬಾಜಿಯ ಏರಿಳಿತ 2 ಯೂನಿಟ್. 400 ಬಾಜಿಗೆ 40 ಯೂನಿಟ್ ಅತ್ತಿತ್ತ ಆಗುವುದು ಮಾಮೂಲು. ದೊಡ್ಡ ದರದ ಟಿಪ್ ಕೊಡುವವರ “+35 ಯೂನಿಟ್” ಕಂಡು ಬೆರಗಾಗಬೇಡಿ.

ಗಂಗಾವಳಿ (ಅಂಕೋಲಾ)

ದರದ ವಿಷಯದಲ್ಲಿ ಇನ್ನೊಂದು ಮೋಸ ಇದೆ. ಗುಂಪಿನವರು ಬರೆದುಕೊಳ್ಳುವ ದರ, ಸದಸ್ಯರಿಗೆ ಸಿಗುವ ದರ ಅಲ್ಲ. ಟಿಪ್ ಹಾಕುವಾಗ 2.00 ಇತ್ತು, ಸಾವಿರ ಜನ ನುಗ್ಗಿದ ಮೇಲೆ 1.85. ಗೆಲ್ಲುವ ಸಾಧ್ಯತೆ 52% ಎಂದಿಟ್ಟುಕೊಂಡರೆ, 2.00ರಲ್ಲಿ 0.52 × 2.00 = 1.04, ನೂರಕ್ಕೆ 4 ಲಾಭ. 1.85ರಲ್ಲಿ 0.52 × 1.85 = 0.962, ನೂರಕ್ಕೆ 3.8 ನಷ್ಟ. ಟಿಪ್ ಒಂದೇ, ಕೊಟ್ಟವನಿಗೆ ಲಾಭ, ಕೊಂಡವನಿಗೆ ನಷ್ಟ.

ಆದ್ದರಿಂದ ಗೊತ್ತಿರುವವರು ಪಂದ್ಯ ಶುರುವಾಗುವ ಮುಂಚಿನ ಕೊನೆಯ ದರವನ್ನೂ ಬರೆದಿಡುತ್ತಾರೆ. ನಿಮಗೆ ಸಿಕ್ಕ ದರ ಸದಾ ಕೊನೆಯ ದರಕ್ಕಿಂತ ಮೇಲಿದ್ದರೆ ಆಯ್ಕೆಯಲ್ಲಿ ಏನೋ ಇದೆ ಎಂಬ ಸುಳಿವು, ಸಾವಿರಾರು ಬಾಜಿ ಕಾಯದೆಯೇ ಸಿಗುತ್ತದೆ. ಸದಾ ಕೆಳಗಿದ್ದರೆ, ಸದ್ಯಕ್ಕೆ ಲಾಭದಲ್ಲಿದ್ದರೂ ಅದು ನಿಲ್ಲುವುದು ಕಷ್ಟ.

ನಾಲ್ಕು ಪಂದ್ಯ ಸೇರಿಸಿ ಕಟ್ಟುವ ಮಲ್ಟಿಯಲ್ಲಿ ಬುಕ್ಕಿಯ ಪಾಲೂ ಗುಣಿಸುತ್ತಾ ಹೋಗುತ್ತದೆ. ಒಂದೊಂದರಲ್ಲಿ 5% ಹೋದರೆ 0.95 × 0.95 × 0.95 × 0.95 = 0.8145. ನೂರಕ್ಕೆ 18.5 ಮೊದಲೇ ಹೋಯಿತು. ಸ್ಕ್ರೀನಿನಲ್ಲಿ “15 ಪಟ್ಟು” ಕಾಣುತ್ತದೆ, ಇದು ಕಾಣುವುದಿಲ್ಲ.

ಕೋಡಿಬಾಗ (ಕಾರವಾರ)

ಹುಡುಗರು ಕೇಳೋ ಇನ್ನೊಂದು ಪ್ರಶ್ನೆ. ಸೋತಾಗ ಡಬಲ್ ಮಾಡ್ತಾ ಹೋದ್ರೆ ಕೊನೆಗೆ 1 ಯೂನಿಟ್ ಗ್ಯಾರಂಟಿ ಅಂತಾರಲ್ಲ? ಮತ್ತೆ 1% ಯಾಕೆ, 10% ಯಾಕಾಗಬಾರದು?

ಶಾಲ್ಮಲೆ ತೀರ (ಶಿರಸಿ)

ಡಬಲ್‌ಗೆ ಲೆಕ್ಕ ಚಿಕ್ಕದು. 500ರಿಂದ ಶುರು: 500, 1,000, 2,000, 4,000, 8,000, 16,000. ಆರು ಸೋಲಿಗೆ ಹೋಗಿದ್ದು 31,500. ಏಳನೆಯದಕ್ಕೆ 32,000 ಬೇಕು. 50,000ದಲ್ಲಿ ಉಳಿದಿರುವುದು 18,500. ಅಲ್ಲಿಗೆ ಮುಗಿಯಿತು. ಯೂನಿಟ್ ಪುಸ್ತಕದಲ್ಲಿ ಅಲ್ಲಿಯವರೆಗೆ ಪ್ರತಿ ಸಾಲೂ +1 ಇರುತ್ತದೆ, ನಂತರ ಒಂದೇ ಸಾಲಿನಲ್ಲಿ −63.

ಸತತ ಆರು ಏಳು ಸೋಲು ಅಪರೂಪವಲ್ಲ. 1.90 ದರದಲ್ಲಿ ಅಸಲು ಉಳಿಸಿಕೊಳ್ಳುವಷ್ಟು ಚೆನ್ನಾಗಿ ಆಡುವವನಿಗೂ 400 ಬಾಜಿಯಲ್ಲಿ ಎಲ್ಲಾದರೂ ಒಂದು ಕಡೆ ಸತತ 7 ಸೋಲು ಬರುವುದನ್ನು ನಿರೀಕ್ಷಿಸಬೇಕು. ಯೂನಿಟ್ 1% ಇದ್ದರೆ 7% ಹೋಯಿತು, ಆಟ ಉಳಿಯಿತು. 10% ಇದ್ದರೆ ಬಂಡವಾಳದ 70% ಹೋಯಿತು.

ಇದಕ್ಕೆ ಒಂದು ಸೂತ್ರ ಇದೆ. ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಕೊಟ್ಟದ್ದು: ಪಣದ ಪಾಲು = (ಗೆಲ್ಲುವ ಸಾಧ್ಯತೆ × ದರ − 1) ÷ (ದರ − 1). ಸಾಧ್ಯತೆ 55%, ದರ 1.90: (1.045 − 1) ÷ 0.90 = 5%. ಇದು ನೋಡಿ ಐದು ಯೂನಿಟ್ ಕಟ್ಟುವವರು ಮರೆಯುವುದು, ಆ 55% ಎಲ್ಲಿಂದ ಬಂತು ಎಂಬುದನ್ನು. ನಿಜವಾದ ಸಾಧ್ಯತೆ 52% ಇದ್ದರೆ 0.52 × 1.90 = 0.988, ಉತ್ತರ ಸೊನ್ನೆಗಿಂತ ಕೆಳಗೆ. ಅಂದರೆ ಕಟ್ಟಲೇಬಾರದು. ಅಂದಾಜಿನಲ್ಲಿ ಮೂರು ಅಂಶ ತಪ್ಪಿದರೆ “ದೊಡ್ಡದಾಗಿ ಕಟ್ಟು” ಎಂಬುದು “ಮುಟ್ಟಬೇಡ” ಆಗುತ್ತದೆ. ಸೂತ್ರ ಬಳಸುವವರು ಅದರ ಅರ್ಧ ಅಥವಾ ಕಾಲು ಪಾಲು ಮಾತ್ರ ಕಟ್ಟುವುದು ಈ ಕಾರಣಕ್ಕೆ. 1% ಎಂಬ ರೂಢಿಯೂ ಹತ್ತಿರ ಹತ್ತಿರ ಅಲ್ಲಿಗೇ ಬರುತ್ತದೆ.

ಘಟ್ಟದ ಮೇಲೆ (ಯಲ್ಲಾಪುರ)

ಒಪ್ಪಿದೆ. ಸ್ಟಾರ್ ಬಾಜಿ ಲೆಕ್ಕ ಬೇರೆ ಇಡಬೇಕು ಅನ್ನೋದು ಸರಿ. ಹಾಗಾದ್ರೆ ಓ.ಸಿ.ಯನ್ನೂ ಇದೇ ಅಳತೆಗೆ ಹಾಕಬಹುದಾ?

ಗಂಗಾವಳಿ (ಅಂಕೋಲಾ)

ಹಾಕಬಹುದು, ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಎರಡಂಕಿಯ ಆಟ, ನೂರರಲ್ಲಿ ಒಂದು. ಕೇಸುಗಳ ಸುದ್ದಿಯಲ್ಲಿ ಬರುವ ಹಾಗೆ 1 ರೂಪಾಯಿಗೆ 80 ಎಂದರೆ, ನೂರು ರೂಪಾಯಿಗೆ ಸರಾಸರಿ ವಾಪಸ್ 80. ಯೀಲ್ಡ್ −20%. ಇಲ್ಲಿ ಆಯ್ಕೆಯ ಜಾಣ್ಮೆಗೆ ಜಾಗವೇ ಇಲ್ಲ, ಆದ್ದರಿಂದ ಯೂನಿಟ್, ದಾಖಲೆ ಯಾವುದರಿಂದಲೂ ಪ್ರಯೋಜನ ಇಲ್ಲ.

ಈಗ ಯಾವ ಗುಂಪಿನವರೂ ಹೇಳದ ಕಾಲಂ: ತೆರಿಗೆ. ರೇಸಿನ ಗೆಲುವಿನ ಮೇಲೆ ಆದಾಯ ತೆರಿಗೆ ನೇರ 30%, ಮೇಲೆ 4% ಸೆಸ್. ಬೇರೆ ಆದಾಯ ಇಲ್ಲದವರಿಗೂ ಮೂಲ ವಿನಾಯಿತಿ ಸಿಗುವುದಿಲ್ಲ, ಮತ್ತು ಸೋತ ಟಿಕೆಟಿನ ಹಣ ಕಳೆಯುವಂತಿಲ್ಲ. ವರ್ಷದಲ್ಲಿ ಗೆಲುವು 60,000, ಸೋಲು 55,000 ಇದ್ದರೆ ಪುಸ್ತಕದಲ್ಲಿ ಲಾಭ 5,000. ತೆರಿಗೆ 60,000ದ ಮೇಲೆ: 18,000, ಸೆಸ್ ಸೇರಿ 18,720. ನಿಜವಾದ ನಿವ್ವಳ −13,720.

ಅದಕ್ಕೂ ಮೊದಲು ಜಿಎಸ್‌ಟಿ. 2023ರ ಅಕ್ಟೋಬರ್ 1ರಿಂದ ಬಾಜಿಯ ಪೂರ್ಣ ಮೊತ್ತದ ಮೇಲೆ 28%, 2025ರ ಸೆಪ್ಟೆಂಬರ್ 22ರಿಂದ 40%. ತೆರಿಗೆ ಸೇರಿ 100 ಕೊಟ್ಟರೆ ಆಟಕ್ಕೆ ಹೋಗುವುದು 71.43. ಅದರ ಮೇಲೆ 2.00 ದರದಲ್ಲಿ ಗೆದ್ದರೆ ಕೈಗೆ 142.86. ಕೊಟ್ಟ 100ಕ್ಕೆ ಹೋಲಿಸಿದರೆ ದರ 2.00 ಅಲ್ಲ, 1.43. ಅಸಲು ಉಳಿಸಿಕೊಳ್ಳಲು 50% ಅಲ್ಲ, 70% ಗೆಲ್ಲಬೇಕು. ಯೀಲ್ಡ್ ತೆಗೆಯುವಾಗ ಕೆಳಗೆ ಬರಬೇಕಾದ್ದು ಜೇಬಿನಿಂದ ಹೋದ 100, ಟಿಕೆಟ್ ಮೇಲಿನ 71.43 ಅಲ್ಲ. ಸದಸ್ಯತ್ವದ ಶುಲ್ಕವನ್ನೂ ಅದೇ ಖರ್ಚಿಗೆ ಸೇರಿಸಬೇಕು. ಯೂನಿಟ್ 50 ಇರುವ ಹುಡುಗ ತಿಂಗಳಿಗೆ 1,000 ಶುಲ್ಕ ಕೊಟ್ಟರೆ, ಪ್ರತಿ ತಿಂಗಳೂ 20 ಯೂನಿಟ್ ಹಿಂದಿನಿಂದ ಶುರು.

ಕೋಡಿಬಾಗ (ಕಾರವಾರ)

ಈ 20 ಯೂನಿಟ್ ಲೆಕ್ಕ ಹುಡುಗರಿಗೆ ತಕ್ಷಣ ನಾಟ್ತದೆ. ಬೇರೆ ಗುಂಪುಗಳ ದಾಖಲೆಯನ್ನೂ ಅವರೇ ಪರೀಕ್ಷೆ ಮಾಡಲಿ ಅಂತ ಒಂದು ಹಾಳೆ ಮಾಡಿ ಕೊಡ್ತೇನೆ. ಏನೇನು ಕಾಲಂ ಬೇಕು?

ಶಾಲ್ಮಲೆ ತೀರ (ಶಿರಸಿ)

ತಾರೀಖು ಮತ್ತು ಟಿಪ್ ಬಂದ ಗಂಟೆ, ಪಂದ್ಯ, ಯಾವ ಕಡೆ, ಟಿಪ್‌ನಲ್ಲಿದ್ದ ದರ, ಹತ್ತು ನಿಮಿಷದ ನಂತರ ಸಿಗುತ್ತಿದ್ದ ದರ, ಕೊನೆಯ ದರ, ಪಣ ಯೂನಿಟ್‌ನಲ್ಲಿ, ಪಣ ರೂಪಾಯಿಯಲ್ಲಿ, ವಾಪಸ್ ಬಂದ ಮೊತ್ತ. ಲಾಭ ಎಂದರೆ ವಾಪಸ್ ಕಳೆ ಪಣ; ಅದನ್ನು ಹಾಳೆಯೇ ಲೆಕ್ಕ ಹಾಕಲಿ, ಕೈಯಲ್ಲಿ ಬರೆಯಬಾರದು. ಟಿಪ್ ಬಂದ ಕೂಡಲೇ ಸಾಲು ತುಂಬಬೇಕು. ಪಂದ್ಯ ಮುಗಿದ ಮೇಲೆ ತುಂಬಿದರೆ, ಗುಂಪಿನವರು ಅಳಿಸಿದ ಸೋತ ಟಿಪ್‌ಗಳು ಹಾಳೆಗೂ ಬರುವುದಿಲ್ಲ. ಹುಡುಗರು ಹಣ ಕಟ್ಟಬೇಕಾಗಿಯೇ ಇಲ್ಲ, ಕಾಗದದ ಮೇಲೆ ಕಟ್ಟಿದಂತೆ ಬರೆದರೂ ಉತ್ತರ ಅಷ್ಟೇ ನಿಖರ.

ಕೋಡಿಬಾಗ (ಕಾರವಾರ)

ಮಳೆಗೆ ಪಂದ್ಯ ರದ್ದಾದ್ರೆ? ಗುಂಪಿನವರು ಅದನ್ನೂ “ಪಾಸ್” ಅಂತ ಎಣಿಸಿದಾರೆ.

ಬಂದರು (ಹೊನ್ನಾವರ)

ಪಣ ವಾಪಸ್ ಬಂದ ಬಾಜಿ ಗೆಲುವೂ ಅಲ್ಲ, ಸೋಲೂ ಅಲ್ಲ. ಕಟ್ಟಿದ ಮೊತ್ತದಿಂದಲೂ ಬಾಜಿ ಸಂಖ್ಯೆಯಿಂದಲೂ ತೆಗೆದುಬಿಡಿ. ಅವರ 39ರಲ್ಲಿ 3 ರದ್ದಾದವು ಇದ್ದರೆ ಲೆಕ್ಕ 47 ಬಾಜಿ, 36 ಗೆಲುವು, 76.6%. 36 × 0.25 − 11 = −2 ಯೂನಿಟ್, ಯೀಲ್ಡ್ −4.3%.

ರೇಸಿನಲ್ಲಿ ಎರಡು ಕುದುರೆ ಸಮನಾಗಿ ಬಂದರೆ ಮಾತ್ರ ಬೇರೆ ಲೆಕ್ಕ: ನಿಗದಿತ ದರದ ಬಾಜಿಯಲ್ಲಿ ಪಣದ ಅರ್ಧಕ್ಕೆ ಪೂರ್ತಿ ದರ ಸಿಗುತ್ತದೆ, ಉಳಿದರ್ಧ ಸೋತಂತೆ. 5.00 ದರಕ್ಕೆ 100 ಕಟ್ಟಿದ್ದರೆ ವಾಪಸ್ 250. ಹಾಳೆಯಲ್ಲಿ ಪಣ 100, ವಾಪಸ್ 250 ಎಂದೇ ಬರೆಯಿರಿ. ದರದ ಕಾಲಂ ಮುಟ್ಟಬೇಡಿ.